ವಿಯೆಟ್ನಾಮಿನ ಜನಜೀವನ ನೋಡಲು ಎರಡೇ ಊರು ಸಾಕು

ಪ್ರಶ್ನೆ: ನಾವು ಶಿವಮೊಗ್ಗದವರು. ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ಜೊತೆಗೆ ಬರುವವರು ನಮ್ಮ ಮನೆಯವರು. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮಾರ್ಚ್‌ನಲ್ಲಿ ಹತ್ತು ದಿನ ವಿಯೆಟ್ನಾಂಗೆ ಹೋಗುವ ಯೋಚನೆ ಇದೆ. ಟೂರ್‌ನವರು ಕೊಟ್ಟ ಪಟ್ಟಿಯಲ್ಲಿ ಹನೋಯ್, ಹಾ ಲಾಂಗ್ ಕೊಲ್ಲಿ, ನಿನ್ ಬಿನ್, ಡಾ ನಾಂಗ್, ಹೋಯ್ ಆನ್, ಹೋ ಚಿ ಮಿನ್ ನಗರ ಎಲ್ಲವೂ ಇವೆ. ನಮಗೆ ಬೇಕಿರುವುದು ಅಲ್ಲಿನ ಸಾಮಾನ್ಯ ಜನ ಹೇಗೆ ಬದುಕುತ್ತಾರೆ, ಏನು ಉಣ್ಣುತ್ತಾರೆ, ಮನೆಯಲ್ಲಿ ದೇವರು ದಿಂಡರು ಹೇಗೆ ಎಂದು ನೋಡುವುದು. ಭಾಷೆ ಬರುವುದಿಲ್ಲ. ಹತ್ತು ದಿನದಲ್ಲಿ ಇದು ಆಗುವ ಮಾತೇ?

ಉತ್ತರ: ಖಂಡಿತ ಆಗುತ್ತದೆ ಮೇಷ್ಟ್ರೇ, ಆದರೆ ಆ ಪಟ್ಟಿ ಇಟ್ಟುಕೊಂಡು ಆಗುವುದಿಲ್ಲ. ಹತ್ತು ದಿನದಲ್ಲಿ ಆರು ಊರು ಎಂದರೆ ದಿನ ಬಿಟ್ಟು ದಿನ ಪೆಟ್ಟಿಗೆ ಕಟ್ಟುವುದು, ವಿಮಾನ ನಿಲ್ದಾಣದಲ್ಲಿ ಕಾಯುವುದು, ಬಸ್ಸಿನ ಕಿಟಕಿಯಿಂದ ಊರು ನೋಡುವುದು. ಆ ದಾರಿಯಲ್ಲಿ ನಿಮ್ಮೊಡನೆ ಮಾತಾಡುವ ವಿಯೆಟ್ನಾಮಿಗರು ಗೈಡ್, ಡ್ರೈವರ್, ಹೋಟೆಲ್ ಕೌಂಟರಿನ ಹುಡುಗರು ಮಾತ್ರ. ಒಳ್ಳೆಯ ಜನವೇ, ಆದರೆ ಎಲ್ಲರೂ ಡ್ಯೂಟಿಯಲ್ಲಿರುವವರು. ನೀವು ಕೇಳಿರುವುದಕ್ಕೆ ಎರಡು ಊರು ಸಾಕು: ಉತ್ತರದ ಹನೋಯ್, ಮಧ್ಯಭಾಗದ ಹ್ವೆ. ನಡುವೆ ಒಂದು ರಾತ್ರಿಯ ರೈಲು. ಹಾ ಲಾಂಗ್ ಕೊಲ್ಲಿ ಸುಂದರವಾಗಿದೆ, ಅನುಮಾನ ಬೇಡ. ಆದರೆ ಅಲ್ಲಿ ಕಾಣುವುದು ಬಂಡೆ, ನೀರು ಮತ್ತು ಬೇರೆ ಪ್ರವಾಸಿಗರು. ನಾನಾದರೆ ಬಿಡುತ್ತೇನೆ.

ಕೆಲಸದ ಮೇಲೆ ಹಲವು ವರ್ಷ ಆ ದೇಶದಲ್ಲಿ ಇದ್ದವಳು ನಾನು. ಅಲ್ಲಿಗೆ ಹೊರಟ ಕನ್ನಡಿಗರು ಸಲಹೆ ಕೇಳಿದರೆ ಮೊದಲು ಹೇಳುವುದು ಇಷ್ಟು: ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ದಿನವೂ ಹೋಗಿ ಕೂರಿ.

ಇದಕ್ಕೆ ಕಾರಣ ಇದೆ. ಅಲ್ಲಿನ ಪಟ್ಟಣದ ಬದುಕು ಬಹುಪಾಲು ಫುಟ್‌ಪಾತಿನ ಮೇಲೆಯೇ ನಡೆಯುತ್ತದೆ. ಹನೋಯ್‌ನ ಹಳೆ ಪೇಟೆಯ ಮನೆಗಳು ಬೀದಿಯ ಕಡೆ ಬಹಳ ಕಿರಿದು, ಒಳಗೆ ಉದ್ದೋ ಉದ್ದ. ಕೆಳಗೆ ಅಂಗಡಿ, ಮೇಲೆ ವಾಸ, ರಾತ್ರಿಯಾದರೆ ಸ್ಕೂಟರುಗಳೂ ನಡುಮನೆಗೇ ಬಂದು ನಿಲ್ಲುತ್ತವೆ. ಹಾಗಾಗಿ ಸೊಪ್ಪು ಬಿಡಿಸುವುದು, ಪಾತ್ರೆ ತೊಳೆಯುವುದು, ಮಗುವಿಗೆ ಉಣಿಸುವುದು, ಹರಟುವುದು ಎಲ್ಲ ಬಾಗಿಲಾಚೆ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲ್ ನಾಲ್ಕು ಇಟ್ಟರೆ ಅದೇ ಹೋಟೆಲು. ಒಂದೇ ಮೂಲೆ ಬೆಳಿಗ್ಗೆ ತಿಂಡಿ ಮಾರುವವರದು, ಮಧ್ಯಾಹ್ನ ಊಟದವರದು, ಸಂಜೆ ಚಹಾದವರದು. ಅಲ್ಲಿ ಬರುವವರೆಲ್ಲ ದಿನದ ಗಿರಾಕಿಗಳು. ಮೊದಲ ದಿನ ನೀವು ದಾರಿಹೋಕ ವಿದೇಶಿ. ಎರಡನೆಯ ದಿನ ನೋಡಿ ನಗುತ್ತಾರೆ. ಮೂರನೆಯ ದಿನ ನೀವು ಕೂರುವ ಮೊದಲೇ ನಿಮ್ಮ ತಿಂಡಿ ಕಟ್ಟಲು ಶುರು ಮಾಡುತ್ತಾರೆ, ಪಕ್ಕದವರು ನಿಮ್ಮ ಬಗ್ಗೆ ಅವರನ್ನು ವಿಚಾರಿಸುತ್ತಾರೆ. ನೀವು ಹುಡುಕುತ್ತಿರುವ ಜನಜೀವನ ಅಲ್ಲಿಂದ ತೆರೆದುಕೊಳ್ಳುತ್ತದೆ. ಆರು ಊರಿನ ಪಟ್ಟಿಯಲ್ಲಿ ಈ ಮೂರನೆಯ ದಿನ ಬರುವುದೇ ಇಲ್ಲ.

ಬೆಳಿಗ್ಗೆ ಬೇಗ ಏಳಬೇಕು. ಐದು, ಐದೂವರೆಗೆ ಹುವಾನ್ ಕಿಯೆಮ್ ಸರೋವರದ ದಂಡೆಗೆ ಹೋಗಿ. ನಿಮ್ಮ ವಯಸ್ಸಿನವರೇ ಗುಂಪು ಗುಂಪಾಗಿ ಬೀಸಣಿಗೆ ಹಿಡಿದು ವ್ಯಾಯಾಮ ಮಾಡುತ್ತಿರುತ್ತಾರೆ, ಕೆಲವರು ಬ್ಯಾಡ್ಮಿಂಟನ್, ಕೆಲವರು ರೆಕ್ಕೆ ಚೆಂಡನ್ನು ಕಾಲಿನಿಂದ ಒಬ್ಬರಿಂದೊಬ್ಬರಿಗೆ ಒದ್ದು ಆಡುವ ಆಟ. ಹಿಂದಿನ ಸಾಲಿನಲ್ಲಿ ಹೋಗಿ ನಿಂತು ನೀವೂ ಕೈಕಾಲು ಆಡಿಸಿ, ಯಾರೂ ಬೇಡ ಎನ್ನುವುದಿಲ್ಲ. ನಿಮ್ಮ ಮನೆಯವರನ್ನು ಹೆಂಗಸರೇ ಕೈ ಹಿಡಿದು ಮುಂದಿನ ಸಾಲಿಗೆ ಕರೆದುಕೊಂಡರೆ ಆಶ್ಚರ್ಯವಿಲ್ಲ.

ಅಲ್ಲಿಂದ ತಿಂಡಿಗೆ. ಬಿದಿರು ಬುಟ್ಟಿಯನ್ನು ದಪ್ಪ ಬಟ್ಟೆಯಿಂದ ಸುತ್ತಿಕೊಂಡು ಕೂತ ಹೆಂಗಸರು ಕಾಣುತ್ತಾರೆ. ಒಳಗೆ ಹಬೆಯಲ್ಲಿ ಬೆಂದ ಅಂಟಕ್ಕಿ ಅನ್ನ, ಹೆಸರು ಸೋಯ್. ಇದರಲ್ಲಿ ಹಲವು ಬಗೆ. ಅರಿಸಿನದಿಂದ ಹಳದಿ ಮಾಡಿದ ಒಂದು ಬಗೆಯನ್ನು ಕಟ್ಟಿಕೊಡುವುದನ್ನು ಹತ್ತಿರ ಕೂತು ನೋಡಬೇಕು. ಬೇಯಿಸಿ ಅರೆದ ಹೆಸರುಬೇಳೆಯನ್ನು ಮುಷ್ಟಿಗಾತ್ರದ ಗಟ್ಟಿ ಉಂಡೆ ಮಾಡಿಟ್ಟಿರುತ್ತಾರೆ. ಆ ಉಂಡೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಚಾಕುವಿನಿಂದ ಸರಸರನೆ ತೆಳ್ಳಗೆ ಹೆರೆದರೆ ಪದರ ಪದರವಾಗಿ ಅನ್ನದ ಮೇಲೆ ಬೀಳುತ್ತದೆ. ಮೇಲೆ ಹುರಿದ ಈರುಳ್ಳಿ, ಬಾಳೆಲೆಯಲ್ಲಿ ಒಂದು ಮಡಿಕೆ, ಕೈಗೆ. ಇಲ್ಲಿ ಜೋಪಾನ: ಕೊನೆಯಲ್ಲಿ ಒಂದು ಚಮಚ ಕೊಬ್ಬು ಹಾಕುತ್ತಾರೆ, ಅದು ಪ್ರಾಣಿಯ ಕೊಬ್ಬು. ಕೈ ಅಡ್ಡ ಮಾಡಿ ಬೇಡ ಎಂದರೂ ಸೌಟು ಅದೇ. ಹಾಗಾಗಿ ನೀವು ಕಡಲೆಕಾಯಿ ಬೀಜ ಹಾಕಿ ಬೇಯಿಸಿದ ಸೋಯ್ ಕೇಳಿ, ಅದಕ್ಕೆ ಎಳ್ಳು-ಉಪ್ಪಿನ ಪುಡಿ ಉದುರಿಸಿ ಕೊಡುತ್ತಾರೆ. ಹೊಟ್ಟೆ ತುಂಬುತ್ತದೆ, ಮನಸ್ಸಿಗೂ ನೆಮ್ಮದಿ.

ಮಾರುಕಟ್ಟೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಚೌಕಾಸಿ ಮಾಡಿ ಕೊಳ್ಳದೆ ಎದ್ದು ಬರಬೇಡಿ. ಬೋಣಿಯ ನಂಬಿಕೆ ಅಲ್ಲಿ ನಮ್ಮಷ್ಟೇ ಗಟ್ಟಿ. ಮೊದಲ ಗಿರಾಕಿ ಕೊಳ್ಳದೆ ಹೋದರೆ ದಿನವೆಲ್ಲ ವ್ಯಾಪಾರ ಕೆಟ್ಟಿತೆಂದು ಕಾಗದ ಸುಟ್ಟು ದೃಷ್ಟಿ ತೆಗೆಯುವವರೂ ಇದ್ದಾರೆ. ಸುಮ್ಮನೆ ನೋಡುವುದಿದ್ದರೆ ಹತ್ತು ಗಂಟೆಯ ಮೇಲೆ ಹೋಗಿ.

ಪರಿಚಯವಾದ ಕೂಡಲೇ ನಿಮಗೆ ಎಷ್ಟು ವಯಸ್ಸು, ಮಕ್ಕಳೆಷ್ಟು, ಮದುವೆ ಆಗಿದೆಯಾ ಎಂದು ಕೇಳುತ್ತಾರೆ. ಬೆಂಗಳೂರಿನ ನಮ್ಮ ಹೊಸ ತಲೆಮಾರಿನವರು ಇದನ್ನು ಕೆದಕುವುದು ಎಂದುಕೊಳ್ಳುತ್ತಾರೆ. ನಿಮಗೆ ಹಾಗೆ ಅನ್ನಿಸಲಾರದು. ಅಣ್ಣ, ಅಕ್ಕ, ಚಿಕ್ಕಪ್ಪ, ಅತ್ತೆ, ಅಜ್ಜ ಎಂದು ಸಂಬಂಧ ಹಚ್ಚಿಯೇ ಅವರು ಮಾತಾಡುವುದು. ಎದುರಿನವರು ದೊಡ್ಡವರೋ ಚಿಕ್ಕವರೋ ತಿಳಿಯದೆ ವಾಕ್ಯವೇ ಹೊರಡುವುದಿಲ್ಲ. ಹುಟ್ಟಿದ ವರ್ಷವನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿ, ಮೊಮ್ಮಕ್ಕಳ ಫೋಟೋ ಇದ್ದರೆ ಅದನ್ನೂ. ಹಿಂದಿ ಧಾರಾವಾಹಿಗಳು ವಿಯೆಟ್ನಾಮಿ ಭಾಷೆಗೆ ಡಬ್ ಆಗಿ ಅಲ್ಲಿನ ಟಿವಿಯಲ್ಲಿ ಬಹಳ ಓಡಿವೆ, ಆದ್ದರಿಂದ ಸೀರೆ ಉಟ್ಟವರನ್ನು ಕಂಡರೆ ನಡುವಯಸ್ಸಿನ ಹೆಂಗಸರು ತಾವೇ ಮಾತಿಗೆ ಬರುತ್ತಾರೆ. ಬೀದಿಯಲ್ಲಿ ನಡೆಯಲು ತೊಂದರೆ ಇಲ್ಲದಿದ್ದರೆ ನಿಮ್ಮ ಮನೆಯವರು ದಿನಕ್ಕೊಮ್ಮೆಯಾದರೂ ಸೀರೆ ಉಡಲಿ. ಭಾಷೆ ಬಾರದ ಕೊರತೆಯನ್ನು ಅದು ಅರ್ಧ ತುಂಬುತ್ತದೆ.

ಈಗ ಊಟದ ವಿಷಯ. ಇದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮವರು ಇಲ್ಲಿಂದ ಒಯ್ದ ಚಪಾತಿ, ಪುಳಿಯೋಗರೆ ಪುಡಿ ನೆಚ್ಚಿಕೊಂಡು ಅಲ್ಲಿನ ಒಂದು ತುತ್ತೂ ಉಣ್ಣದೆ ಬರುವುದನ್ನು ನೋಡಿದ್ದೇನೆ. ಅದು ದೊಡ್ಡ ನಷ್ಟ. ವಿಯೆಟ್ನಾಮಿನಲ್ಲಿ ಬೌದ್ಧ ಸಂಪ್ರದಾಯದ ಸಸ್ಯಾಹಾರ ಬಹಳ ಹಳೆಯದು. ಅದಕ್ಕೆ ಚಾಯ್ ಎನ್ನುತ್ತಾರೆ (ಟೀಗೂ ಇದಕ್ಕೂ ಸಂಬಂಧವಿಲ್ಲ). ಮಾಂಸ, ಮೀನು ಇಲ್ಲ, ಕಟ್ಟುನಿಟ್ಟಿನ ಕಡೆ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಅಂಗಡಿಯ ಬೋರ್ಡಿನಲ್ಲಿ chay ಎಂಬ ಆ ನಾಲ್ಕಕ್ಷರದ ಪದ ಗುರುತಿಟ್ಟುಕೊಳ್ಳಿ. ಲಿಪಿ ರೋಮನ್, ಆದ್ದರಿಂದ ಓದುವುದು ಕಷ್ಟವಲ್ಲ. ಕಮ್ ಚಾಯ್ ಎಂದರೆ ಅನ್ನದ ಊಟ: ಅನ್ನ, ತೋಫು, ಅಣಬೆ, ಬಾಳೆಹೂವು, ಎಳೆ ಹಲಸು, ಸೊಪ್ಪು. ನೂಡಲ್ಸ್, ಬ್ರೆಡ್, ಫೋ (ಬಿಸಿ ಸಾರಿನಲ್ಲಿ ಅಕ್ಕಿ ಶಾವಿಗೆ) ಎಲ್ಲದರ ಚಾಯ್ ರೂಪವೂ ಸಿಗುತ್ತದೆ. ಮಾಂಸದ ಹಾಗೇ ಕಾಣುವ ಸೋಯಾ ತುಂಡುಗಳನ್ನು ಕಂಡು ಹೆದರಬೇಡಿ. ಅದು ಚಾಯ್ ಅಡುಗೆಯವರ ಕೈಚಳಕ.

ಬೋರ್ಡಿನಲ್ಲಿ ಚಾಯ್ ಇಲ್ಲದ ಹೋಟೆಲಿನಲ್ಲಿ ಮಾತ್ರ ಬರೀ ತರಕಾರಿ ಎಂದು ಕೇಳಿ ಮೋಸ ಹೋಗಬೇಡಿ. ಪುಟ್ಟ ಮೀನುಗಳನ್ನು ಉಪ್ಪಿನೊಂದಿಗೆ ತಿಂಗಳುಗಟ್ಟಲೆ ಕಳಿಯಿಸಿ ಇಳಿಸಿದ ನುಕ್ ಮಾಮ್ ಎಂಬ ಸಾರ ಅಲ್ಲಿನ ಅಡುಗೆಗೆ ಉಪ್ಪಿದ್ದಂತೆ, ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. ಫೋದಲ್ಲಿ ಮಾಂಸ ತೆಗೆಸಿದರೂ ಸಾರು ಮೂಳೆಯದೇ. ಅಡುಗೆಯವರ ತಪ್ಪಿಲ್ಲ, ಅವರ ಲೆಕ್ಕದಲ್ಲಿ ಮೀನಿನ ಸಾರ ಮೀನಲ್ಲ. ವಸತಿಗೆ ಇಳಿದ ದಿನವೇ ಅಲ್ಲಿನವರಿಂದ ಒಂದು ಚೀಟಿ ಬರೆಸಿಕೊಳ್ಳಿ: ನಾವು ಚಾಯ್ ಊಟದವರು, ಮೀನಿನ ಸಾರ, ಸೀಗಡಿ ಪುಡಿ, ಮೂಳೆ ಸಾರು, ಪ್ರಾಣಿ ಕೊಬ್ಬು, ಮೊಟ್ಟೆ ಬೇಡ ಎಂದು. ಅದನ್ನು ತೋರಿಸಿದರೆ ಗೌರವದಿಂದಲೇ ಮಾಡಿಕೊಡುತ್ತಾರೆ. ವ್ರತ ಹಿಡಿದವರೆಂಬ ಭಾವನೆ ಅವರಿಗೆ.

ಇನ್ನೊಂದು ಅನುಕೂಲ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ತಿನ್ನುವ ಸಂಸಾರಗಳಲ್ಲೂ ಬಹಳ ಮಂದಿ ಚಾಯ್ ಊಟ ಮಾಡುತ್ತಾರೆ. ಎಷ್ಟೋ ಮಾಮೂಲಿ ತಿಂಡಿಗಾಡಿಗಳು ಆ ಎರಡು ದಿನ ಚಾಯ್ ಮಾರುತ್ತವೆ. ನಮ್ಮ ಕ್ಯಾಲೆಂಡರಿನ ಅಮಾವಾಸ್ಯೆ, ಹುಣ್ಣಿಮೆಗೆ ಹೆಚ್ಚೆಂದರೆ ಒಂದು ದಿನ ಆಚೀಚೆ.

ಕಾಫಿ ನಿಮಗೆ ಹಿಡಿಸುತ್ತದೆ. ಫ್ರೆಂಚ್ ಪಾದ್ರಿಗಳು 1857ರಲ್ಲಿ ತಂದ ಗಿಡ ಇಂದು ಆ ದೇಶವನ್ನು ಬ್ರೆಜಿಲ್ ಬಿಟ್ಟರೆ ಜಗತ್ತಿನ ಅತಿ ದೊಡ್ಡ ಕಾಫಿ ಬೆಳೆಗಾರನನ್ನಾಗಿಸಿದೆ. ಬಹುಪಾಲು ರೊಬಸ್ಟಾ, ಬುವಾನ್ ಮಾ ಥುವೊಟ್ ಸುತ್ತಲಿನ ಎತ್ತರದ ನೆಲದ್ದು. ಲೋಟದ ಮೇಲೆ ಫಿನ್ ಎಂಬ ಪುಟ್ಟ ಲೋಹದ ಫಿಲ್ಟರ್ ಕೂರಿಸಿ ಕೊಡುತ್ತಾರೆ, ಹನಿ ಹನಿಯಾಗಿ ಇಳಿಯುತ್ತದೆ, ಕೆಳಗೆ ಸಿಹಿಯಾದ ಗಟ್ಟಿ ಹಾಲು. ಬಿಸಿ ಸೀಮೆಯಲ್ಲಿ ತಾಜಾ ಹಾಲು ಸಿಗದಿದ್ದ ಕಾಲದಲ್ಲಿ ಡಬ್ಬದ ಹಾಲಿನಿಂದ ಹುಟ್ಟಿದ ರೂಢಿ ಅದು. ಇಳಿಯುವವರೆಗೆ ಅವಸರ ಮಾಡಬೇಡಿ. ಹತ್ತಿರ ಕೂತವರು ಮಾತಿಗೆ ಬರುವುದು ಆ ಹೊತ್ತಿನಲ್ಲೇ. ಹನೋಯ್‌ನಲ್ಲಿ 1946ರಲ್ಲಿ ಹುಟ್ಟಿದ ಮೊಟ್ಟೆ ಕಾಫಿ ಬಹಳ ಪ್ರಸಿದ್ಧ, ಅದು ನಿಮಗೆ ಬೇಡ.

ಮನೆಯೊಳಗಿನ ಪೂಜೆಯ ಬಗ್ಗೆ ಕೇಳಿದ್ದೀರಿ. ವಿಯೆಟ್ನಾಮನ್ನು ಬೌದ್ಧ ದೇಶ ಎನ್ನುವವರಿದ್ದಾರೆ, ಕಮ್ಯುನಿಸ್ಟ್ ದೇಶ, ದೇವರಿಲ್ಲ ಎನ್ನುವವರೂ ಇದ್ದಾರೆ. ಮನೆಗೆ ಹೋದರೆ ಕಾಣುವುದು ಪಿತೃಗಳ ಪೀಠ. ನಡುಮನೆಯಲ್ಲೋ ಮೇಲಿನ ಮಹಡಿಯಲ್ಲೋ ಎತ್ತರದಲ್ಲಿ ತೀರಿಕೊಂಡ ಅಜ್ಜ, ಅಜ್ಜಿ, ಅಪ್ಪ, ಅಮ್ಮನ ಫೋಟೋ, ಊದುಬತ್ತಿಯ ಬಟ್ಟಲು, ಹೂವು, ಹಣ್ಣು, ನೀರು. ಮಗನಿಗೆ ಕೆಲಸ ಸಿಕ್ಕಿದರೆ, ಮಗಳ ಮದುವೆ ಗೊತ್ತಾದರೆ ಮೊದಲು ಅಲ್ಲಿ ಊದುಬತ್ತಿ ಹಚ್ಚಿ ಹೇಳುತ್ತಾರೆ. ಬತ್ತಿ ಉರಿದು ಮುಗಿದ ಮೇಲೆ ಹಣ್ಣು ಇಳಿಸಿ ಮನೆಮಂದಿಗೆಲ್ಲ ಹಂಚುತ್ತಾರೆ, ನಿಮಗೆ ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಳ್ಳಿ. ಸತ್ತ ತಿಥಿಯನ್ನು ಚಾಂದ್ರಮಾನ ಲೆಕ್ಕದಲ್ಲಿ ವರ್ಷ ವರ್ಷ ಮಾಡುತ್ತಾರೆ, ದೂರದ ಊರಿನ ಮಕ್ಕಳೂ ಅವತ್ತು ಬರುತ್ತಾರೆ. ತಿಥಿಯೂಟವನ್ನು ಬಲ್ಲ ನಿಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಚಾಂದ್ರಮಾನ ಏಳನೆಯ ತಿಂಗಳ ಹುಣ್ಣಿಮೆ ಅವರಿಗೆ ಹೆತ್ತವರನ್ನೂ ಅಗಲಿದವರನ್ನೂ ನೆನೆಯುವ ದಿನ. ಆ ದಿನ ದೇವಾಲಯಕ್ಕೆ ಬಂದವರ ಎದೆಗೆ ಗುಲಾಬಿ ಚುಚ್ಚುತ್ತಾರೆ: ತಾಯಿ ಬದುಕಿದ್ದರೆ ಕೆಂಪು, ಇಲ್ಲದಿದ್ದರೆ ಬಿಳಿ. ಸಾಲಿನಲ್ಲಿ ನಿಂತವರು ತಮ್ಮ ಹೂವು ತಾವೇ ಹೇಳಿ ಪಡೆಯುತ್ತಾರೆ. ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ.

ಹನೋಯ್‌ನ ಹಾಂಗ್ ಮಾ ಬೀದಿಗೆ ಹೋದರೆ ಪಿತೃಗಳಿಗೆ ಸುಟ್ಟು ಕಳಿಸುವ ಕಾಗದದ ನೋಟು, ಬಟ್ಟೆ, ಚಪ್ಪಲಿ, ಸ್ಕೂಟರು ತನಕ ಮಾರಾಟಕ್ಕಿರುತ್ತವೆ. ಕೊಳ್ಳುವವರ ಮುಖ ನೋಡಿ. ಅಪ್ಪನಿಗೆ ಯಾವ ಅಂಗಿ ಒಪ್ಪುತ್ತಿತ್ತು ಎಂದು ನಿಜವಾಗಿ ಆರಿಸುತ್ತಿರುತ್ತಾರೆ.

ಮನೆಯೊಳಗೆ ಹೋಗುವ ದಾರಿ ಹೋಂಸ್ಟೇ. ವಿದೇಶಿಯರು ತಂಗಿದರೆ ಮನೆಯವರು ಪೊಲೀಸರಿಗೆ ತಿಳಿಸಬೇಕು, ಅದಕ್ಕೆ ಪಾಸ್‌ಪೋರ್ಟ್ ಕೇಳುತ್ತಾರೆ, ಕೊಡಿ. ಈ ಕಾರಣಕ್ಕೆ ದಾರಿಯಲ್ಲಿ ಪರಿಚಯವಾದವರ ಮನೆಯಲ್ಲಿ ರಾತ್ರಿ ಉಳಿಯಬೇಡಿ, ತೊಂದರೆ ಅವರಿಗೆ. ಊಟಕ್ಕೆ ಕರೆದರೆ ಮಾತ್ರ ತಪ್ಪಿಸಬೇಡಿ. ಹಣ್ಣಿನ ಬುಟ್ಟಿ ಒಯ್ಯಿರಿ. ಚಪ್ಪಲಿ ಹೊರಗೆ. ನೆಲದ ಚಾಪೆಯ ಮೇಲೆ ದುಂಡನೆಯ ತಟ್ಟೆ, ಅದರಲ್ಲಿ ಎಲ್ಲ ಪದಾರ್ಥ, ಸುತ್ತ ಜನ. ಉತ್ತರದ ಮನೆಗಳಲ್ಲಿ ಚಿಕ್ಕವರು ಒಬ್ಬೊಬ್ಬ ಹಿರಿಯರ ಹೆಸರಿನಲ್ಲೂ ಉಣ್ಣಲು ಕೇಳಿಕೊಂಡ ಮೇಲೇ ಊಟದ ಕಡ್ಡಿ (ಚಾಪ್‌ಸ್ಟಿಕ್) ಎತ್ತುವುದು. ಬೇಯಿಸಿದ ಸೊಪ್ಪಿನ ನೀರನ್ನು ಚೆಲ್ಲದೆ ನಿಂಬೆ ಹಿಂಡಿ ಸಾರಿನಂತೆ ಕುಡಿಯುತ್ತಾರೆ, ಸೆಖೆಯಲ್ಲಿ ಅದಕ್ಕಿಂತ ಹಿತವಾದದ್ದಿಲ್ಲ.

ಎಂಜಲಿನ ಪ್ರಶ್ನೆ ಬರುತ್ತದೆ, ಮುಚ್ಚಿಡಬಾರದು. ಎಲ್ಲರೂ ಬಾಯಿಗಿಟ್ಟ ಕಡ್ಡಿಯಿಂದಲೇ ಒಂದೇ ತಟ್ಟೆಯಿಂದ ತೆಗೆದುಕೊಳ್ಳುತ್ತಾರೆ. ಅದ್ದಿಕೊಳ್ಳುವ ಬಟ್ಟಲೂ ಒಂದೇ. ಒಟ್ಟಿಗೆ ಉಣ್ಣುವುದು ಎಂದರೆ ಅವರಿಗೆ ಅದೇ. ಅತಿಥಿಗೆ ಬಡಿಸುವಾಗ ಕಡ್ಡಿಯನ್ನು ತಿರುಗಿಸಿ ಬಾಯಿಗಿಡದ ತುದಿಯಿಂದ ಬಡಿಸುವುದು ಅವರ ಮರ್ಯಾದೆ. ನಿಮಗೆ ಆಗದಿದ್ದರೆ ಚಾಯ್ ಊಟದವರೆಂದು ಮೊದಲೇ ಹೇಳಿ ಬೇರೆ ಬಟ್ಟಲಿನಲ್ಲಿ ಹಾಕಿಸಿಕೊಳ್ಳಿ, ಯಾರಿಗೂ ಬೇಸರವಿಲ್ಲ. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಸಿಗಿಸಬೇಡಿ, ಸತ್ತವರ ಮುಂದೆ ಊದುಬತ್ತಿ ನೆಟ್ಟ ಹಾಗೆ ಕಾಣುತ್ತದೆ.

ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ ಊರೇ ಮಲಗುತ್ತದೆ. ಅಂಗಡಿಯವರು ಮಡಚು ಮಂಚದ ಮೇಲೆ, ಸ್ಕೂಟರ್ ಟ್ಯಾಕ್ಸಿಯವರು ಸೀಟಿನ ಮೇಲೆ. ನೀವೂ ಮಲಗಿ. ರಸ್ತೆ ದಾಟುವಾಗ ನಿಧಾನವಾಗಿ ಒಂದೇ ವೇಗದಲ್ಲಿ ನಡೆಯಿರಿ, ಸ್ಕೂಟರುಗಳು ತಾವೇ ಸುತ್ತಿಕೊಂಡು ಹೋಗುತ್ತವೆ. ಗಕ್ಕನೆ ನಿಂತರೆ, ಹಿಂದೆ ಸರಿದರೆ ಅಪಾಯ. ದುಡ್ಡಿನಲ್ಲಿ 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ. ಸಾವಿರವನ್ನು ಬಿಟ್ಟು ಹೇಳುವುದು ರೂಢಿ, ಮೂವತ್ತು ಎಂದರೆ 30,000.

ಹನೋಯ್‌ನಿಂದ ಹೋ ಚಿ ಮಿನ್ ನಗರಕ್ಕೆ ಹೋಗುವ 1,726 ಕಿಲೋಮೀಟರ್ ರೈಲುದಾರಿ 1936ರಲ್ಲಿ ಪೂರ್ತಿಯಾಯಿತು, ಯುದ್ಧದಲ್ಲಿ ತುಂಡಾಗಿ 1976ರಲ್ಲಿ ಮತ್ತೆ ಜೋಡಿತು. ಹ್ವೆ ತನಕ ಒಂದು ರಾತ್ರಿಯ ಪ್ರಯಾಣ. ನಾಲ್ಕು ಹಾಸಿಗೆಯ ಮೆತ್ತನೆ ಬೋಗಿಗಿಂತ ಆರು ಹಾಸಿಗೆಯ ಬೋಗಿಯಲ್ಲಿ ಸಂಸಾರಸ್ಥರು ಹೆಚ್ಚು. ಮೊಣಕಾಲು ಗಟ್ಟಿಯಿದ್ದರೆ ಅದನ್ನೇ ತೆಗೆದುಕೊಳ್ಳಿ, ಕೆಳಗಿನ ಹಾಸಿಗೆ ಕೇಳಿ. ಚಕ್ಕೋತ ಬಿಡಿಸಿ ಒಂದು ತೊಳೆ ನಿಮಗೆ ಕೊಡುವ ಅಜ್ಜಿ ಇದ್ದೇ ಇರುತ್ತಾಳೆ. ನಿಮ್ಮ ಚೀಲದಲ್ಲೂ ಕೊಡಲು ಏನಾದರೂ ಇರಲಿ. ಕೋಡುಬಳೆ ಚೆನ್ನಾಗಿ ಖರ್ಚಾಗುತ್ತದೆ.

ಯುದ್ಧದ ಬಗ್ಗೆ ನೀವಾಗಿ ಕೆದಕಬೇಡಿ. ಅಲ್ಲಿನ ಹತ್ತು ಕೋಟಿ ಜನರಲ್ಲಿ ಹೆಚ್ಚಿನವರು 1975ರಲ್ಲಿ ಯುದ್ಧ ಮುಗಿದ ಮೇಲೆ ಹುಟ್ಟಿದವರು, ಅವರ ಮಾತೆಲ್ಲ ಮಕ್ಕಳ ಓದು, ಮನೆ ಬೆಲೆ. ಹಿರಿಯರು ಮಾತ್ರ ಪರಿಚಯ ಬಲಿತ ಮೇಲೆ ತಾವೇ ಹೇಳುತ್ತಾರೆ. ಹೇಳಿದರೆ ಕೇಳಿಸಿಕೊಳ್ಳಿ.

ಎರಡು ಊರು ಎಂದವಳು ಮೂರನೆಯದನ್ನು ಒಂದೇ ಕಾರಣಕ್ಕೆ ಹೇಳುತ್ತೇನೆ. ಹೋಯ್ ಆನ್ ಹತ್ತಿರದ ಮಿ ಸೋನ್‌ನಲ್ಲಿ, ಹಿಂದೆ ಆ ಸೀಮೆಯನ್ನು ಆಳಿದ ಚಾಮ್ ಜನರ ಚಂಪಾ ರಾಜ್ಯದ ಅರಸರ ಶಿವಾಲಯಗಳಿವೆ, ಭಾರತದ ಪುರಾತತ್ವ ಇಲಾಖೆ ಅಲ್ಲಿ ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ 9ನೇ ಶತಮಾನದ ಮರಳುಗಲ್ಲಿನ ಶಿವಲಿಂಗ ಸಿಕ್ಕಿತು. ನಮ್ಮವರೆಲ್ಲ ಅದನ್ನು ನೋಡಿ ಫೋಟೋ ತೆಗೆದು ಬರುತ್ತಾರೆ. ಆ ಚಾಮ್ ಜನ ಅಳಿದಿಲ್ಲ. ಇನ್ನೂ ದಕ್ಷಿಣಕ್ಕೆ ಫಾನ್ ರಾಂಗ್ ಸುತ್ತಮುತ್ತ ಇಂದಿಗೂ ಹಿಂದೂ ಪರಂಪರೆಯ ಚಾಮ್ ಹಳ್ಳಿಗಳಿವೆ, ಪೊ ಕ್ಲಾಂಗ್ ಗರಾಯ್ ಗುಡಿಯಲ್ಲಿ ಅವರ ಪೂಜಾರಿಗಳು ಈಗಲೂ ಪೂಜೆ ಮಾಡುತ್ತಾರೆ, ಆಸ್ತಿ ತಾಯಿಯಿಂದ ಮಗಳಿಗೆ ಹೋಗುತ್ತದೆ. ಬಾವ್ ಚುಕ್ ಎಂಬ ಹಳ್ಳಿಯ ಹೆಂಗಸರು ಚಕ್ರವಿಲ್ಲದೆ ಮಡಕೆ ಮಾಡುತ್ತಾರೆ. ಮಣ್ಣು ಅಲುಗದೆ ಕೂತಿರುತ್ತದೆ, ಮಾಡುವಾಕೆ ಅದರ ಸುತ್ತ ಹಿಂದು ಹಿಂದಾಗಿ ನಡೆಯುತ್ತ ಕೈಯಲ್ಲೇ ಅಂಚು ಎತ್ತುತ್ತಾಳೆ. ಈ ಕಸುಬನ್ನು 2022ರಲ್ಲಿ ಯುನೆಸ್ಕೋ ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು. ಇನ್ನೂ ನಾಲ್ಕು ದಿನ ಸಿಕ್ಕರೆ ಹ್ವೆಯಿಂದ ಅದೇ ರೈಲಿನಲ್ಲಿ ಮುಂದುವರಿದು ಫಾನ್ ರಾಂಗ್‌ಗೆ ಹತ್ತಿರದ ಥಾಪ್ ಚಾಮ್ ನಿಲ್ದಾಣದಲ್ಲಿ ಇಳಿಯಿರಿ.

ಹ್ವೆ 1802ರಿಂದ 1945ರವರೆಗೆ ನುಯೆನ್ ಅರಸರ ರಾಜಧಾನಿ. ಕೋಟೆ, ಗೋರಿಗಳನ್ನು ಒಂದು ದಿನದಲ್ಲಿ ನೋಡಬಹುದು. ನಾನು ಆ ಊರನ್ನು ಆರಿಸಿದ್ದು ಬೇರೆ ಕಾರಣಕ್ಕೆ: ಗತಿ ನಿಧಾನ, ಬೌದ್ಧ ಆಚರಣೆ ಗಟ್ಟಿ, ಚಾಯ್ ಅಡುಗೆ ದೇಶದಲ್ಲೇ ಒಳ್ಳೆಯದೆಂದು ಹೆಸರು. ಜಗತ್ತಿನಾದ್ಯಂತ ಹೆಸರಾದ ಝೆನ್ ಬೌದ್ಧ ಭಿಕ್ಷು ತಿಕ್ ನ್ಯಾಟ್ ಹಾನ್ ಗುರುಗಳು ಹುಡುಗನಾಗಿ ಸನ್ಯಾಸ ತೆಗೆದುಕೊಂಡದ್ದೂ, 2018ರಲ್ಲಿ ಮರಳಿ ಬಂದು 2022ರ ಜನವರಿಯಲ್ಲಿ ತೀರಿಕೊಂಡದ್ದೂ ಇಲ್ಲಿನ ತು ಹಿಯೆವ್ ವಿಹಾರದಲ್ಲೇ. ಪೈನ್ ಮರಗಳ ನಡುವಿನ ಆ ವಿಹಾರಕ್ಕೆ ಸಂಜೆ ಹೋಗಿ, ಮಾತಿಲ್ಲದೆ ಕೂರಿ. ಹುಣ್ಣಿಮೆಯ ದಿನ ಹ್ವೆಯ ಬೀದಿಗಳಲ್ಲಿ ಮನೆ ಮುಂದೆ ಪುಟ್ಟ ಮೇಜಿಟ್ಟು ಹೂವು, ಹಣ್ಣು, ದೀಪ ಇಡುತ್ತಾರೆ, ಚಾಯ್ ಹೋಟೆಲುಗಳಲ್ಲಿ ಕೂರಲು ಜಾಗವಿರುವುದಿಲ್ಲ.

ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಪಂಚಾಂಗ ತೆಗೆಯಿರಿ. ಮಾರ್ಚ್ ಹುಣ್ಣಿಮೆ ನೋಡಿ ಅವತ್ತು ಹ್ವೆಯಲ್ಲಿ ಇರುವ ಹಾಗೆ ಗೊತ್ತು ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಹನೋಯ್ ದಿನಗಳನ್ನು ಇಡಿ. ಕೆಲವು ವರ್ಷ ಅವರ ಹೊಸ ವರ್ಷದ ಮೊದಲ ಹುಣ್ಣಿಮೆ ಮಾರ್ಚ್ ಮೊದಲ ವಾರಕ್ಕೆ ಬೀಳುತ್ತದೆ. ವರ್ಷವಿಡೀ ಪೂಜೆ ಮಾಡಿದರೂ ಅದೊಂದು ಹುಣ್ಣಿಮೆಗೆ ಸಮವಲ್ಲ ಎನ್ನುವುದು ಅಲ್ಲಿನ ಗಾದೆ, ಸಿಕ್ಕರೆ ನಿಮ್ಮ ಭಾಗ್ಯ. ಇ-ವೀಸಾ ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಮಾಡಿ. 2023ರ ಆಗಸ್ಟ್ 15ರಿಂದ ಅದನ್ನು 90 ದಿನಗಳವರೆಗೆ ಕೊಡುತ್ತಾರೆ, ಒಂದು ಪ್ರವೇಶಕ್ಕೆ 25 ಡಾಲರ್. ಮಾರ್ಚ್‌ನಲ್ಲಿ ಹನೋಯ್‌ನಲ್ಲಿ ಜಿನುಗು ಮಳೆ ಹಿಡಿದಿರುತ್ತದೆ, ಕೊಡೆ ಮತ್ತು ತೆಳು ಸ್ವೆಟರ್ ಇಟ್ಟುಕೊಳ್ಳಿ. ಹ್ವೆಯಲ್ಲಿ ನದಿಯ ದಕ್ಷಿಣ ದಂಡೆಯ ಓಣಿಯೊಳಗೆ, ಬೆಳಗಿನ ಸಂತೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿಯಿರಿ.